ಹಳದಿ ಮಾತ್ರೆ ನುಂಗಿದ ಸೈನ್ಯ

ಎರಡನೇ ಮಹಾಯುದ್ಧ, 1943ರ ಬರ್ಮಾ ಗಡಿ. ಗಾಯಗೊಂಡು ಹಿಂದಕ್ಕೆ ಹೋದ ಒಬ್ಬೊಬ್ಬ ಸೈನಿಕನಿಗೆ ಪ್ರತಿಯಾಗಿ, ಕಾಯಿಲೆ ಬಿದ್ದು ಹಿಂದಕ್ಕೆ ಹೋದವರು 120 ಮಂದಿ! ಈ ಲೆಕ್ಕ ಕೊಟ್ಟವರು ಬ್ರಿಟಿಷರ 14ನೇ ಸೈನ್ಯದ ದಂಡನಾಯಕ ವಿಲಿಯಂ ಸ್ಲಿಮ್. ಅವರ ಕೈಕೆಳಗೆ ಭಾರತೀಯರು, ಗೂರ್ಖಾಗಳು, ಬ್ರಿಟಿಷರು, ಪೂರ್ವ ಮತ್ತು ಪಶ್ಚಿಮ ಆಫ್ರಿಕದವರು ಇದ್ದರು. ಜಪಾನಿಗರಿಗಿಂತ ಮೊದಲು ಇವರನ್ನೆಲ್ಲ ಮಲಗಿಸುತ್ತಿದ್ದುದು ಮಲೇರಿಯಾ.

ಅದಕ್ಕಿದ್ದ ಹಳೇ ಮದ್ದು ಕ್ವಿನೈನ್, ಸಿಂಕೋನಾ ಮರದ ತೊಗಟೆಯದು. ಜಗತ್ತಿನ ಕ್ವಿನೈನಿನಲ್ಲಿ ಸುಮಾರು ಶೇ. 90ರಷ್ಟು ಜಾವಾದಿಂದ ಬರುತ್ತಿತ್ತು. 1942ರ ಮಾರ್ಚ್‌ನಲ್ಲಿ ಜಾವಾ ಜಪಾನಿನ ವಶವಾಯಿತು.

ಉಳಿದದ್ದು ಮೆಪಾಕ್ರಿನ್ ಎಂಬ ಹಳದಿ ಮಾತ್ರೆ. ತಮಾಷೆ ನೋಡಿ, 1930ರ ದಶಕದ ಆರಂಭದಲ್ಲಿ ಇದನ್ನು ತಯಾರಿಸಿದ್ದು ಶತ್ರು ದೇಶ ಜರ್ಮನಿಯ ರಸಾಯನ ತಜ್ಞರು. ಮಲೇರಿಯಾ ಪರೋಪಜೀವಿ ನಮ್ಮ ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ ತಿನ್ನುತ್ತದೆ. ತಿಂದು ಉಳಿಯುವ, ಹೀಮ್ ಎಂಬ ಕಬ್ಬಿಣವಿರುವ ಭಾಗ ಅದಕ್ಕೇ ವಿಷ. ಆ ವಿಷವನ್ನು ಹರಳುಗಟ್ಟಿಸಿ ಪಕ್ಕಕ್ಕಿಟ್ಟು ಅದು ಬದುಕಿಕೊಳ್ಳುತ್ತದೆ. ಮೆಪಾಕ್ರಿನ್ ಈ ಹರಳು ಕಟ್ಟುವ ಕೆಲಸಕ್ಕೇ ಕಲ್ಲು ಹಾಕುತ್ತದೆ ಎಂದು ಈಗ ತಿಳಿಯಲಾಗಿದೆ.

ಎಷ್ಟು ನುಂಗಬೇಕು? ಆಸ್ಟ್ರೇಲಿಯಾದ ಕೇರ್ನ್ಸ್‌ನಲ್ಲಿ ವೈದ್ಯ ನೀಲ್ ಹ್ಯಾಮಿಲ್ಟನ್ ಫೇರ್ಲಿ ಅವರ ತಂಡ 1943ರಿಂದ ಇದನ್ನು ಪರೀಕ್ಷಿಸಿತು. ತಾವಾಗಿ ಮುಂದೆ ಬಂದ ಸೈನಿಕರಿಗೆ ಸೋಂಕಿದ ಸೊಳ್ಳೆ ಕಚ್ಚಿಸಿದರು. ಸುಸ್ತಾಗುವಷ್ಟು ದುಡಿಸಿದರು, ಚಳಿ ಕೊರೆಯುವ ಕೋಣೆಯಲ್ಲಿ ಕೂರಿಸಿದರು. ದಿನಕ್ಕೆ 100 ಮಿಲಿಗ್ರಾಂ ತಪ್ಪದೆ ನುಂಗಿದವರನ್ನು ಜ್ವರ ಮುಟ್ಟಲಿಲ್ಲ.

ಆದರೆ ನುಂಗಿಸುವುದು ಹೇಗೆ? ಮಾತ್ರೆ ಕಹಿ. ಹೊಟ್ಟೆ ತೊಳಸುತ್ತದೆ. ಮೈ ಕಾಮಾಲೆ ಬಂದವರ ಹಾಗೆ ಹಳದಿಯಾಗುತ್ತದೆ. ಸಾಲದ್ದಕ್ಕೆ, ಗಂಡಸುತನವೇ ಹೋಗುತ್ತದೆ ಎಂಬ ಗಾಳಿಮಾತು ಬೇರೆ. ಇಂಥ ಮಾತ್ರೆಯನ್ನು ಯಾರು ಸುಮ್ನೆ ನುಂಗ್ತಾರೆ? ಸ್ಲಿಮ್ ಉಪದೇಶ ಮಾಡುತ್ತಾ ಕೂರಲಿಲ್ಲ. ಹೇಳದೆ ಕೇಳದೆ ಇಡೀ ತುಕಡಿಯ ತಪಾಸಣೆ ಮಾಡಿಸಿದರು. ಶೇ. 95ಕ್ಕಿಂತ ಕಡಿಮೆ ಜನರ ಮೈಯಲ್ಲಿ ಮದ್ದು ಸಿಕ್ಕರೆ ಕೆಲಸ ಹೋಗುತ್ತಿದ್ದುದು ಸೈನಿಕನದಲ್ಲ, ಅವನ ಅಧಿಕಾರಿಯದು. ಮೂವರನ್ನು ತೆಗೆದರು, ಅಷ್ಟೇ. ಉಳಿದವರಿಗೆ ವಿಷಯ ಅರ್ಥವಾಯಿತು. ನನಗಂತೂ ಈ ಮೂವರೂ ಮದ್ದಿನ ಭಾಗವೇ ಅನ್ನಿಸುತ್ತದೆ.

ಸೊಳ್ಳೆ ಕಚ್ಚದಂತೆ ಸಂಜೆಯಾದರೆ ತೋಳು ಮುಚ್ಚಬೇಕು, ತುಂಡು ಚಡ್ಡಿ ಹಾಕುವಂತಿಲ್ಲ ಎಂಬ ನಿಯಮಗಳೂ ಬಂದವು. ಜ್ವರ ಬಂದವರನ್ನು ಭಾರತದ ದೂರದ ಆಸ್ಪತ್ರೆಗಳಿಗೆ ಕಳಿಸಿದರೆ ವಾಪಸಾಗಲು ತಿಂಗಳುಗಳೇ ಹಿಡಿಯುತ್ತಿದ್ದವು. ಅದಕ್ಕೇ ಕದನದ ಸಾಲಿಗೆ ಹತ್ತಿರದಲ್ಲೇ ಡೇರೆ ಹಾಕಿ ಚಿಕಿತ್ಸೆ ಕೊಟ್ಟರು. ಮೂರು ವಾರದಲ್ಲಿ ಆಳು ಮರಳಿ ಕೆಲಸಕ್ಕೆ. 1945ರ ಹೊತ್ತಿಗೆ ಕಾಯಿಲೆ ಬೀಳುವವರು ದಿನಕ್ಕೆ ಸಾವಿರಕ್ಕೆ ಒಬ್ಬರಿಗೆ ಇಳಿದಿದ್ದರು. ಅತ್ತ, ಜಾವಾದ ಕ್ವಿನೈನ್ ತೋಟಗಳನ್ನೇ ಹಿಡಿದಿದ್ದ ಜಪಾನಿನ ಸೈನಿಕರಿಗೆ 1944ರಲ್ಲಿ ಇಂಫಾಲದ ಬಳಿ ಅಕ್ಕಿಯೂ ಬರಲಿಲ್ಲ, ಮದ್ದೂ ಬರಲಿಲ್ಲ. ಅವರಲ್ಲಿ ಸತ್ತವರ ಪೈಕಿ ಹಸಿವಿಗೆ, ರೋಗಕ್ಕೆ ಬಲಿಯಾದವರೇ ಜಾಸ್ತಿ.

ಮಾತ್ರೆಗೂ ಒಂದು ಮಿತಿಯಿತ್ತು. ವೈವ್ಯಾಕ್ಸ್ ಎಂಬ ಜಾತಿಯ ಪರೋಪಜೀವಿ ಲಿವರ್‌ನಲ್ಲಿ ಸದ್ದಿಲ್ಲದೆ ಮಲಗಿಬಿಡುತ್ತದೆ. ಅಲ್ಲಿ ಮೆಪಾಕ್ರಿನ್‌ನ ಆಟ ನಡೆಯುವುದಿಲ್ಲ. ಕಾಡಿನಲ್ಲಿ ಒಂದು ದಿನವೂ ಜ್ವರ ಕಾಣದ ಎಷ್ಟೋ ಜನರಿಗೆ, ಮಾತ್ರೆ ಬಿಟ್ಟ ಕೆಲವೇ ವಾರಗಳಲ್ಲಿ, ಮೈಯ ಹಳದಿ ಇಳಿಯುವಾಗ ಚಳಿ ಶುರುವಾಯಿತು.