ಫೈಲಿನೊಳಗೆ ಇರುವುದು ಅಕ್ಷರವೋ, ಅಕ್ಷರದ ಚಿತ್ರವೋ?

ಕ್ಲಾಸ್ ಮುಗಿದ ಮೇಲೆ ವಾಟ್ಸ್ಯಾಪ್ ಗ್ರೂಪಿಗೆ ನೋಟ್ಸ್ ಬೀಳುತ್ತದೆ. ಬೆನ್ನಿಗೇ ಉತ್ತರಗಳೂ ಬರುತ್ತವೆ: ‘ಸರ್, ಓಪನ್ ಆಗ್ತಿಲ್ಲ’, ‘ಮೇಡಂ, ಅಕ್ಷರ ಎಲ್ಲ ಏನೇನೋ ಬರ್ತಿದೆ’, ‘ಪಿಡಿಎಫ್ ಹಾಕಿ ಸರ್’. ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುವವರಿಗೆ ಇದೇನೂ ಹೊಸದಲ್ಲ. ನೆಟ್‌ವರ್ಕ್ ಸರಿಯಿಲ್ಲ, ಹುಡುಗರ ಫೋನ್ ಹಳೆಯದು ಎಂದುಕೊಂಡು ಸುಮ್ಮನಾಗುತ್ತಾರೆ. ಆದರೆ ಎಷ್ಟೋ ಸಲ ತೊಂದರೆ ಇರುವುದು ಫೈಲಿನ ಹೊಟ್ಟೆಯಲ್ಲೇ. ಪರದೆಯ ಮೇಲೆ ಒಂದೇ ತರಹ ಕಾಣುವ ಪುಟವನ್ನು ಕಂಪ್ಯೂಟರು ತೀರಾ ಬೇರೆ ಬೇರೆ ರೀತಿಯಲ್ಲಿ ಇಟ್ಟುಕೊಂಡಿರಬಹುದು.

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಅಲ್ಲಿರುವುದು ಐದು ಸಂಕೇತ: ಕ, ನ, ಒತ್ತಕ್ಷರ ಮಾಡಿಸುವ ಹಲಂತ ಚಿಹ್ನೆ (್), ಇನ್ನೊಂದು ನ, ಡ. ಈ ಸಂಕೇತಗಳನ್ನು ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 15 ಬೈಟ್. ಈ ಲೆಕ್ಕದಲ್ಲಿ 2,000 ಸಂಕೇತಗಳ ಒಂದು ಪುಟ 6 ಕಿಲೋಬೈಟ್‌ನಲ್ಲಿ ಮುಗಿಯುತ್ತದೆ. ಅದೇ ಪುಟವನ್ನು ಪ್ರಿಂಟ್ ತೆಗೆದು, ಫೋನಿನಲ್ಲಿ ಫೋಟೋ ಹೊಡೆದರೆ 3 ಮೆಗಾಬೈಟ್ ಆದೀತು, ಅಂದರೆ 500 ಪಟ್ಟು. ಅಷ್ಟು ದಪ್ಪಗಾದರೂ ಅಲ್ಲಿ ಅಕ್ಷರ ಇದೆ ಎಂಬುದೇ ಫೋಟೋಗೆ ಗೊತ್ತಿಲ್ಲ. ಹುಡುಕಿದರೆ ಏನೂ ಸಿಗುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿ ಫೋನಿನ ಟಾಕ್‌ಬ್ಯಾಕ್‌ನಿಂದ ಓದಿಸಿಕೊಳ್ಳಲು ಹೋದರೆ ‘ಚಿತ್ರ’ ಎಂದು ಹೇಳಿ ಅದು ಮುಂದಕ್ಕೆ ಹೋಗಿಬಿಡಬಹುದು.

ಮೂರನೆಯ ಬಗೆ ನಮ್ಮದೇ ವಿಶೇಷ: ಕನ್ನಡ ಟೈಪ್ ಮಾಡುವ ತಂತ್ರಾಂಶಗಳಾದ ‘ನುಡಿ’, ‘ಬರಹ’ಗಳ ಹಳೆಯ ಫಾಂಟುಗಳಲ್ಲಿ ಮಾಡಿದ ಫೈಲುಗಳು. ಯೂನಿಕೋಡ್ ಕನ್ನಡ ಎಲ್ಲ ಕಂಪ್ಯೂಟರುಗಳಿಗೆ ಬರುವ ಮೊದಲು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುವ ಉಪಾಯ ಮಾಡಿದ್ದರು. ನುಡಿಯ ಹಳೆಯ ಫಾಂಟಿನಲ್ಲಿ ‘ಕ’ ಎಂದರೆ ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಓರೆಗೆರೆ ಹೊತ್ತ ಎ. ‘ನ’ ಎಂದರೆ ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ. ಆ ಫಾಂಟ್ ಇರುವ ಕಡೆ ಮಾತ್ರ ಅದು ಕನ್ನಡ. ವಿದ್ಯಾರ್ಥಿಯ ಫೋನಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ನಿಜಕ್ಕೂ ಏನು ಉಳಿಸಿಟ್ಟಿತ್ತೋ ಅದೇ ಕಾಣುತ್ತದೆ, ಪೌಂಡು ಪೌಂಡು. ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ನುಡಿಯಲ್ಲೂ ಬರಹದಲ್ಲೂ ಯೂನಿಕೋಡ್ ಬಂದು ಇಷ್ಟು ವರ್ಷವಾದ ಮೇಲೂ ಅದನ್ನೇ ಹಿಡಿದು ಕೂತಿರುವುದಕ್ಕೆ ಮಾತ್ರ ಅಭ್ಯಾಸಬಲ ಬಿಟ್ಟರೆ ನನಗೆ ಬೇರೆ ಕಾರಣ ಕಾಣುವುದಿಲ್ಲ.

ಹಾಗಾದರೆ ಎಲ್ಲವನ್ನೂ ಪಿಡಿಎಫ್ ಮಾಡಿ ಕಳಿಸಿದರಾಯಿತಲ್ಲ? ಅಡೋಬ್ ಸಂಸ್ಥೆ 1993ರಲ್ಲಿ ಹೊರತಂದ, 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಈ ಮಾದರಿ ಹುಟ್ಟಿದ್ದೇ ಪುಟ ಎಲ್ಲಿ ತೆರೆದರೂ ಹಾಗೇ ಕಾಣಲಿ ಎಂದು. ಅದು ಫಾಂಟನ್ನೂ ತನ್ನೊಳಗೇ ಇಟ್ಟುಕೊಳ್ಳಬಲ್ಲದು. ಪ್ರಿಂಟ್‌ಗೆ, ಪ್ರಶ್ನೆಪತ್ರಿಕೆಗೆ, ಗಣಿತದ ಸಮೀಕರಣಗಳಿಗೆ ಇದರಷ್ಟು ನಂಬಿಕಸ್ಥ ಇನ್ನೊಂದಿಲ್ಲ. ಆದರೆ ಅದರ ಗಮನವೆಲ್ಲ ನೋಟದ ಮೇಲೆ. ಯಾವ ಆಕಾರವನ್ನು ಪುಟದ ಯಾವ ಜಾಗದಲ್ಲಿ ಬಿಡಿಸಬೇಕು ಎಂಬುದು ಅದಕ್ಕೆ ಮುಖ್ಯ. ಆ ಆಕಾರ ಯಾವ ಅಕ್ಷರದ್ದು ಎಂಬುದನ್ನು ಬೇರೆ ಪಟ್ಟಿಯೊಂದರಲ್ಲಿ ಬರೆದಿಡಬೇಕು. ಪಿಡಿಎಫ್ ತಯಾರಿಸುವ ತಂತ್ರಾಂಶ ಆ ಪಟ್ಟಿಯನ್ನು ಸರಿಯಾಗಿ ಬರೆದಿದ್ದರೆ ಸರಿ, ಇಲ್ಲದಿದ್ದರೆ ಇಲ್ಲ.

ಇಂಗ್ಲಿಷಿಗೆ ಇದರಿಂದ ದೊಡ್ಡ ನಷ್ಟವಿಲ್ಲ, ಒಂದು ಅಕ್ಷರಕ್ಕೆ ಹೆಚ್ಚುಕಡಿಮೆ ಒಂದೇ ಆಕಾರ. ಕನ್ನಡದಲ್ಲಿ ಹಾಗಲ್ಲ. ‘ಸೂರ್ಯ’ ಎಂದು ಟೈಪ್ ಮಾಡುವಾಗ ರ ಮೊದಲು, ಯ ಆಮೇಲೆ. ಪುಟದ ಮೇಲೆ ಯ ಮೊದಲು ಕೂರುತ್ತದೆ, ರಕಾರ ಅರ್ಕಾವತ್ತಾಗಿ ಅದರ ಬಲಕ್ಕೆ ಹೋಗುತ್ತದೆ. ಪಿಡಿಎಫ್ ಈ ಎರಡನೆಯ ಕ್ರಮವನ್ನಷ್ಟೇ ನೆನಪಿಟ್ಟುಕೊಂಡಿದ್ದರೆ ಸೌರಮಂಡಲದ ಪಾಠದುದ್ದಕ್ಕೂ ಹುಡುಕಿದರೂ ಸೂರ್ಯ ಸಿಗುವುದಿಲ್ಲ. ನಿಮ್ಮ ಪಿಡಿಎಫ್ ಹೇಗಿದೆ ಎಂದು ತಿಳಿಯಲು ಒಂದು ಸಾಲು ಕಾಪಿ ಮಾಡಿ ವಾಟ್ಸ್ಯಾಪ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ಒತ್ತಕ್ಷರ, ಅರ್ಕಾವತ್ತು ಇರುವ ಸಾಲನ್ನೇ ಆರಿಸಿ.

ಇನ್ನೊಂದು ತಕರಾರು ಅಗಲದ್ದು. ಎ4 ಹಾಳೆಯ ಅಗಲ 210 ಮಿಲಿಮೀಟರ್, ಫೋನಿನ ಪರದೆ ಸುಮಾರು 70. ಪುಟವಿಡೀ ಪರದೆಗೆ ಹಿಡಿಸಿದರೆ 12 ಪಾಯಿಂಟ್ ಅಕ್ಷರ 4 ಪಾಯಿಂಟ್‌ಗೆ ಇಳಿಯುತ್ತದೆ. ಹಿಗ್ಗಿಸಿದರೆ ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೆದಾಡಬೇಕು. ಬಸ್ಸಿನಲ್ಲಿ ನಿಂತು ನಲವತ್ತು ಪುಟ ಹೀಗೆ ಓದಿ ಎಂದರೆ ಯಾರು ಓದುತ್ತಾರೆ? ಪರದೆಯ ಅಗಲಕ್ಕೆ ತಕ್ಕಂತೆ ಸಾಲು ಮುರಿದುಕೊಳ್ಳುವ ಮಾದರಿ ಬೇಕು. ಇ-ಪುಸ್ತಕಗಳ ಮಾದರಿಯಾದ ಇ-ಪಬ್ ಇರುವುದೇ ಅದಕ್ಕೆ. ಆದರೆ ಅದನ್ನು ತೆರೆಯಲು ಆ್ಯಪ್ ಬೇಕು ಎಂದೊಡನೆ ಅರ್ಧ ಕ್ಲಾಸ್ ಕೈಬಿಡುತ್ತದೆ. ವರ್ಡ್‌ನ ಡಾಕ್ಸ್ (.docx) ಫೈಲಿಗೆ ಗೂಗಲ್ ಡಾಕ್ಸ್ ಸಾಕಾಗುತ್ತದೆ, ಮೊಬೈಲ್ ನೋಟದಲ್ಲಿ ಸಾಲುಗಳೂ ಹೊಂದಿಕೊಳ್ಳುತ್ತವೆ. ಅಂದಹಾಗೆ, ಡಾಕ್ಸ್ ಫೈಲಿನ ಹೆಸರಿನ ಕೊನೆಯ ಭಾಗವನ್ನು ಜಿಪ್ ಎಂದು ಬದಲಿಸಿ ಬಿಚ್ಚಿ ನೋಡಿ: ಒಳಗೆ ನಿಮ್ಮ ಪಠ್ಯದ ಒಂದು ಫೈಲ್, ಚಿತ್ರಗಳ ಒಂದು ಫೋಲ್ಡರ್ ಬೇರೆ ಬೇರೆಯಾಗಿ ಕೂತಿರುತ್ತವೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ಅಲ್ಲಿ ಸೂರ್ಯ ಸೂರ್ಯನಾಗಿಯೇ ಇರುತ್ತಾನೆ. ಹಾಗಾಗಿ ನನ್ನ ಮಾತು ಇಷ್ಟೇ: ಎರಡನ್ನೂ ಹಾಕಿ. ಪ್ರಿಂಟ್‌ಗೆ ಪಿಡಿಎಫ್, ಓದಲಿಕ್ಕೆ ಯೂನಿಕೋಡ್ ಡಾಕ್ಸ್.

ಬೋರ್ಡಿನ ಮೇಲೆ ಬಿಡಿಸಿದ ನಿಷ್ಪತ್ತಿ, ಕೈಬರಹದ ಲೆಕ್ಕ ಇವು ಚಿತ್ರವಾಗಿಯೇ ಹೋಗಬೇಕು, ಅದರಲ್ಲಿ ತಪ್ಪಿಲ್ಲ. ತಪ್ಪುವುದು ಫೋಟೋಗಳನ್ನು ಉಳಿಸುವ ಜೆಪೆಗ್ ಮಾದರಿಯಲ್ಲಿ. ಅದು ಚಿತ್ರವನ್ನು 8×8 ಚುಕ್ಕಿಗಳ ಚೌಕಗಳಾಗಿ ಕತ್ತರಿಸಿ, ಕಣ್ಣಿಗೆ ಅಷ್ಟಾಗಿ ಗೊತ್ತಾಗದ ನವಿರು ವಿವರಗಳನ್ನು ಕೈಬಿಡುತ್ತದೆ. ಮುಖ, ಮರ, ಆಕಾಶಕ್ಕೆ ಇದು ನಡೆಯುತ್ತದೆ. ಅಕ್ಷರದ ಅಂಚು ಮಾತ್ರ ಅಂಥ ನವಿರು ವಿವರದಿಂದಲೇ ಆಗಿರುವುದು. ದಕ್ಕೂ ಧಕ್ಕೂ ಇರುವ ಅಂತರ ಕೆಳಗಿನ ಒಂದು ಸಣ್ಣ ಸೀಳು, ವಾಟ್ಸ್ಯಾಪ್ ಮತ್ತೊಮ್ಮೆ ಕುಗ್ಗಿಸಿದಾಗ ಮೊದಲು ಹೋಗುವುದೂ ಅದೇ. ರೇಖಾಚಿತ್ರಗಳನ್ನು ಏನೂ ಕಳೆಯದ ಪಿಎನ್‌ಜಿಯಲ್ಲಿ ಉಳಿಸಿ, ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿ. ಕೈಬರಹವನ್ನು ಸ್ಕ್ಯಾನ್ ಮಾಡುವಾಗ ಕಪ್ಪು-ಬಿಳುಪು ಆರಿಸಿ. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಗಳಂತೆ, ಎ4 ಹಾಳೆಗೆ ಸುಮಾರು 87 ಲಕ್ಷ ಚುಕ್ಕಿಗಳು: ಕುಗ್ಗಿಸುವ ಮೊದಲು ಬಣ್ಣದಲ್ಲಾದರೆ 26 ಮೆಗಾಬೈಟ್, ಬರೀ ಕಪ್ಪು-ಬಿಳುಪಿನಲ್ಲಿ 1.1.

ಪಾಠದ ರೆಕಾರ್ಡಿಂಗ್‌ಗೂ ಇದೇ ಬುದ್ಧಿ. ಮಾತಿಗೆ ಸೆಕೆಂಡಿಗೆ 32 ಕಿಲೋಬಿಟ್ ಧಾರಾಳ, ಒಂದು ಗಂಟೆಗೆ 14.4 ಮೆಗಾಬೈಟ್. ಸೆಕೆಂಡಿಗೆ 1 ಮೆಗಾಬಿಟ್‌ನ ವಿಡಿಯೋ ಆದರೆ 450. ಬೋರ್ಡ್ ತೋರಿಸುವ ಅಗತ್ಯವೇ ಇಲ್ಲದ ಪಾಠಕ್ಕೆ ವಿಡಿಯೋ ಯಾಕೆ?

ಇನ್ನು ಹಳೆಯ ನುಡಿ ಫಾಂಟಿನ ನೋಟ್ಸ್. ಅವನ್ನು ಮತ್ತೆ ಟೈಪ್ ಮಾಡಬೇಕಿಲ್ಲ, ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತುಗಳನ್ನು ಒಮ್ಮೆ ನೋಡಿ. ವಿಜ್ಞಾನದ ನೋಟ್ಸ್ ಆದರೆ ಸೂತ್ರಗಳನ್ನು ಇನ್ನೂ ಹುಷಾರಾಗಿ ನೋಡಿ. ಪರಿವರ್ತಕಕ್ಕೆ ಫಾಂಟಿನ ಗುರುತು ಸಿಗದಿದ್ದರೆ ಒತ್ತಡವನ್ನು ಸೂಚಿಸಲು ಬರೆದ ಇಂಗ್ಲಿಷಿನ ಪಿ ಕೂಡ ‘ಕ’ದ ತುಂಡೆಂದೇ ಅದು ತಿಳಿಯುತ್ತದೆ.