ಪದ ಪರಿಚಯ: ಇಂಟರ್ನ್‌ಮೆಂಟ್

ಯುದ್ಧ ನಡೆಯುವಾಗ ಶತ್ರುದೇಶದ ಪ್ರಜೆಗಳನ್ನು, ಅಪರಾಧ ಹೊರಿಸದೆಯೇ, ಕೂಡಿಹಾಕುವುದಕ್ಕೆ ಇಂಟರ್ನ್‌ಮೆಂಟ್ ಎನ್ನುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಆಧಾರ 1798ರ ಶತ್ರು ವಿದೇಶಿಯರ ಕಾಯ್ದೆ.

ಆದರೆ ಈ ಪದ ಹೆಚ್ಚಾಗಿ ಅಂಟಿಕೊಂಡಿರುವುದು ಆ ಕಾಯ್ದೆಯ ಹೊರಗಿನ ಸಂಗತಿಗೆ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಶತ್ರುದೇಶವಾಗಿದ್ದಾಗ, 1942ರಲ್ಲಿ, ಅಮೆರಿಕದ ಪಶ್ಚಿಮ ಕರಾವಳಿಯಿಂದ ಸುಮಾರು 1,20,000 ಜಪಾನಿ ಮೂಲದವರನ್ನು ಎಬ್ಬಿಸಿ ಶಿಬಿರಗಳಿಗೆ ತಳ್ಳಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಲ್ಲೇ ಹುಟ್ಟಿದ ಅಮೆರಿಕನ್ ನಾಗರಿಕರು, ಅಂದರೆ 'ನಿಸೆಯ್', ಎರಡನೇ ತಲೆಮಾರು. ಹೆತ್ತವರಾದ 'ಇಸ್ಸೆಯ್'ಗಳು ಬಯಸಿದ್ದರೂ ಪೌರತ್ವ ಪಡೆಯಲು ಕಾನೂನು ಬಿಡುತ್ತಿರಲಿಲ್ಲ. ನಾಗರಿಕರ ಮೇಲೆ 1798ರ ಕಾಯ್ದೆ ನಡೆಯದು. ಬಳಕೆಯಾದದ್ದು ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ 9066ನೇ ಆದೇಶ. ಅದರಲ್ಲಿ ಜಪಾನಿಯರ ಹೆಸರೇ ಇಲ್ಲ; ಸೇನೆ ಗುರುತಿಸಿದ ಪ್ರದೇಶದಿಂದ ಯಾರನ್ನಾದರೂ ಹೊರಗಿಡಬಹುದು ಎಂದಷ್ಟೇ ಇದೆ.

ಜಪಾನಿಯರ ಹೆಸರು ಬಂದದ್ದು ಬೀದಿಯಲ್ಲಿ ಅಂಟಿಸಿದ ನೋಟಿಸಿನಲ್ಲಿ: ಜಪಾನಿ ವಂಶದ ಎಲ್ಲರೂ, 'ವಿದೇಶಿಯರು ಮತ್ತು ವಿದೇಶಿಯರಲ್ಲದವರು', ಜಾಗ ಬಿಡಬೇಕು. 'ನಾಗರಿಕರು' ಎಂದು ಬರೆದಿದ್ದರೆ ಆ ಕಾಗದವೇ ಸಂವಿಧಾನದ ಪ್ರಶ್ನೆ ಎತ್ತುತ್ತಿತ್ತು. ನೋಟಿಸಿನ ಕೆಳಭಾಗದಲ್ಲಿ, ತರಬೇಕಾದ ಸಾಮಾನಿನ ಪಟ್ಟಿ: ಹೊದಿಕೆ (ಹಾಸಿಗೆ ಬೇಡ), ಬಟ್ಟೆಬರೆ, ತಟ್ಟೆ, ಲೋಟ, ಚಮಚ. ಕೈಯಲ್ಲಿ ಹೊರುವಷ್ಟು ಮಾತ್ರ, ಸಾಕುಪ್ರಾಣಿ ತರುವಂತಿಲ್ಲ. ಕುಟುಂಬಕ್ಕೊಂದು ಸಂಖ್ಯೆ, ಅದರ ಚೀಟಿ ಕೋಟಿಗೂ ಗಂಟುಮೂಟೆಗೂ. ಮೊದಲ ಸರದಿಯ, ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಜ್ ದ್ವೀಪದವರಿಗೆ ಮನೆ, ತೋಟ ಬಿಟ್ಟು ಹೊರಡಲು ಸಿಕ್ಕಿದ್ದು ಆರೇ ದಿನ.

ಸರ್ಕಾರ 'ಅಸೆಂಬ್ಲಿ ಸೆಂಟರ್' ಎಂದ ಸಾಂಟಾ ಅನಿಟಾ, ಟ್ಯಾನ್‌ಫೊರಾನ್ ಕುದುರೆ ರೇಸಿನ ಮೈದಾನಗಳು. ಅನೇಕ ಕುಟುಂಬಗಳು ಮಲಗಿದ್ದು ಕುದುರೆ ಲಾಯದಲ್ಲಿ. ಅಲ್ಲಿಂದ ಹತ್ತು 'ರಿಲೊಕೇಶನ್ ಸೆಂಟರ್'ಗಳಿಗೆ. ಅವುಗಳಲ್ಲೊಂದಾದ ಕ್ಯಾಲಿಫೋರ್ನಿಯಾದ ಮಾಂಜನಾರ್‌ನಲ್ಲಿ 20x25 ಅಡಿಯ ಕೋಣೆಗೆ ಎಂಟು ಜನ: ಒಂದು ಎಣ್ಣೆ ಒಲೆ, ಒಂದು ಬಲ್ಬು, ಹುಲ್ಲು ತುಂಬಿದ ಹಾಸಿಗೆಗಳು. ಹಲಗೆಗಳ ಸಂದಿನಿಂದ ಮರುಭೂಮಿಯ ಧೂಳು ಒಳನುಗ್ಗುತ್ತಿತ್ತು. ಶೌಚಾಲಯಗಳಿಗೆ ಅಡ್ಡಗೋಡೆ ಇರಲಿಲ್ಲ.

1944ರಲ್ಲಿ, ಜಾಗ ಬಿಡಲು ಒಪ್ಪದೆ ಶಿಕ್ಷೆಗೊಳಗಾದ ನಿಸೆಯ್ ಫ್ರೆಡ್ ಕೊರೆಮಾಟ್ಸು ಅವರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ 6–3ರಿಂದ ಸರ್ಕಾರದ ಪರ ನಿಂತಿತು. ಸರ್ಕಾರ ಸಾಕ್ಷ್ಯ ಮುಚ್ಚಿಟ್ಟದ್ದು ಬಯಲಾದ ಮೇಲೆ, 1983ರಲ್ಲಿ, ಕೆಳ ನ್ಯಾಯಾಲಯವೊಂದು ಅವರ ಶಿಕ್ಷೆಯನ್ನು ರದ್ದುಮಾಡಿತು. 1988ರ ಕಾಯ್ದೆ ಕ್ಷಮೆ ಕೇಳಿ, ಬದುಕುಳಿದಿದ್ದವರಿಗೆ ತಲಾ 20,000 ಡಾಲರ್ ಕೊಟ್ಟಿತು. ಆದರೂ ಅದರ ಪಠ್ಯದಲ್ಲಿ 'ಇಂಟರ್ನ್‌ಮೆಂಟ್' ಹಾಗೆಯೇ ಉಳಿದಿದೆ.

ಕನ್ನಡಕ್ಕೆ ತರುವಾಗ ಈ ಹತ್ತು ಶಿಬಿರಗಳನ್ನು 'ಸ್ಥಳಾಂತರ ಕೇಂದ್ರ', 'ಪುನರ್ವಸತಿ ಕೇಂದ್ರ' ಎನ್ನಬೇಡಿ. ಮುಳ್ಳುತಂತಿ, ಕಾವಲು ಗೋಪುರ, ಬಂದೂಕು ಹಿಡಿದ ಸೈನಿಕರಿದ್ದ ಜಾಗಕ್ಕೆ 'ಸೆರೆ ಶಿಬಿರ' ಸರಿಯಾದ ಮಾತು. 'ಇಂಟರ್ನ್‌ಮೆಂಟ್' ಎಂಬುದನ್ನು ನ್ಯಾಯ ಇಲಾಖೆ ಶತ್ರುದೇಶದ ಪ್ರಜೆಗಳನ್ನು ಇಟ್ಟಿದ್ದ ಸಾಂಟಾ ಫೆಯಂಥ ಶಿಬಿರಗಳಿಗೆ ಉಳಿಸಿಕೊಳ್ಳಿ.