ಪರೀಕ್ಷೆ ಶುಲ್ಕದ ದುಡ್ಡು ಎಲ್ಲಿಗೆ ಹೋಗುತ್ತದೆ?

‘ಸರ್ಕಾರ ಕೋಟಿಗಟ್ಟಲೆ ಅನುದಾನ ಕೊಡುತ್ತಲ್ವಾ, ಮತ್ತೆ ಫೀಸ್ ಯಾಕೆ ಏರಿಸ್ತೀರಿ?’ ವಿಶ್ವವಿದ್ಯಾಲಯದ ಹಣಕಾಸು ವಿಭಾಗದಲ್ಲಿರುವ ನಮ್ಮನ್ನು ಪೋಷಕರು ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ.

ರಾಜ್ಯದ ಅನುದಾನದಲ್ಲಿ ಬಹುಪಾಲು ಕಾಯಂ ನೌಕರರ ಸಂಬಳಕ್ಕೇ ಹೋಗುತ್ತದೆ. ಕೇಂದ್ರದ ಉನ್ನತ ಶಿಕ್ಷಣ ಯೋಜನೆಯಾದ ಪಿಎಂ-ಉಷಾದ ಹಣ ಬಂದರೆ ಅದು ಕಟ್ಟಡ, ಲ್ಯಾಬ್, ಉಪಕರಣ ಅಂತ ಮೊದಲೇ ಗೊತ್ತಾಗಿರುತ್ತದೆ. ಖರ್ಚು ಮಾಡಿ, ಕೊಟ್ಟ ಉದ್ದೇಶಕ್ಕೇ ಹಣ ಬಳಸಿದ್ದೇವೆ ಅಂತ ಬಳಕೆ ಪ್ರಮಾಣಪತ್ರ ಕಳಿಸಬೇಕು. ಲ್ಯಾಬ್ ಬಂತು ಸರಿ, ಅದರ ಕರೆಂಟ್ ಬಿಲ್ ಕಟ್ಟುವವರು ನಾವೇ.

ಅದಕ್ಕೆ ಇರುವುದು ಆಂತರಿಕ ಸಂಪನ್ಮೂಲ. ಪರೀಕ್ಷೆ ಶುಲ್ಕ, ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿಕೊಂಡಿರಲು ಕಾಲೇಜುಗಳು ಕಟ್ಟುವ ಸಂಯೋಜನೆ ಶುಲ್ಕ, ಘಟಿಕೋತ್ಸವ ಶುಲ್ಕ, ಠೇವಣಿಯ ಬಡ್ಡಿ. ಪರೀಕ್ಷೆಯ ದುಡ್ಡಲ್ಲಿ ಮೊದಲು ಪರೀಕ್ಷೆಯೇ ನಡೆಯಬೇಕು. ಪ್ರಶ್ನೆಪತ್ರಿಕೆ ತೆಗೆಯುವುದು, ಮುದ್ರಣ, ಕೇಂದ್ರಗಳಿಗೆ ಸಾಗಣೆ, ನಕಲು ತಡೆಯುವ ಸ್ಕ್ವಾಡ್, ಒಂದು ಉತ್ತರಪತ್ರಿಕೆಗೆ ಇಷ್ಟು ಅಂತ ಮೌಲ್ಯಮಾಪಕರ ಸಂಭಾವನೆ, ಅವರ ಪ್ರಯಾಣ ಭತ್ಯೆ, ದಿನಭತ್ಯೆ (ಟಿಎ-ಡಿಎ), ಕೊನೆಗೆ ಅಂಕಪಟ್ಟಿ. ಮಿಕ್ಕಿದ್ದರಲ್ಲಿ ಅತಿಥಿ ಉಪನ್ಯಾಸಕರ ಗೌರವಧನ. ಕಾಯಂ ಹುದ್ದೆ ಖಾಲಿ ಬಿದ್ದಷ್ಟೂ ಈ ಬಾಬ್ತು ಬೆಳೆಯುತ್ತದೆ.

‘ಬ್ಯಾಂಕಲ್ಲಿ ಠೇವಣಿ ಇದೆಯಲ್ಲ?’ ಅನ್ನುತ್ತಾರೆ. ಅದರಲ್ಲಿ ಎಷ್ಟೋ ಹಣ ದತ್ತಿ ನಿಧಿ. ತಂದೆಯ ಹೆಸರಲ್ಲಿ ಚಿನ್ನದ ಪದಕ ಕೊಡಿ ಅಂತ ಯಾರೋ ಇಟ್ಟಿರುತ್ತಾರೆ. ಚಿನ್ನದ ಬೆಲೆ ಗಗನಕ್ಕೇರಿದೆ, ಆ ಹಳೆ ಇಡುಗಂಟಿನ ಬಡ್ಡಿ ಪದಕಕ್ಕೇ ಸಾಲುವುದಿಲ್ಲ. ಅದನ್ನು ಸಂಬಳಕ್ಕೆ ತೆಗೆಯುವುದಂತೂ ತಪ್ಪು.

ನಿಜವಾದ ಭಾರ ಪಿಂಚಣಿಯದು. 2006ರ ಏಪ್ರಿಲ್ 1ಕ್ಕೆ ಮೊದಲು ಕೆಲಸಕ್ಕೆ ಸೇರಿದವರಿಗೆಲ್ಲ ಹಳೆ ಪಿಂಚಣಿ, ಅಂದರೆ ನಿವೃತ್ತಿಯ ನಂತರ ಜೀವನಪೂರ್ತಿ ನಿಶ್ಚಿತ ಪಿಂಚಣಿ ಉಂಟು. ಅವರೆಲ್ಲ ಸಾಲಾಗಿ ನಿವೃತ್ತರಾಗುತ್ತಿದ್ದಾರೆ. ಸರ್ಕಾರದಿಂದ ಬರುವುದು ಸಾಲದಿದ್ದರೆ ಕೊರತೆಯನ್ನು ನಾವೇ ತುಂಬಬೇಕು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯವನ್ನೇ ನೋಡಿ. ಹಾಸನ, ಮಂಡ್ಯ, ಚಾಮರಾಜನಗರದಲ್ಲಿ ಹೊಸ ವಿಶ್ವವಿದ್ಯಾಲಯಗಳಾದವು. ಆ ಜಿಲ್ಲೆಗಳ ಕಾಲೇಜುಗಳು ಅತ್ತ ಹೋದವು, ಅವುಗಳ ಜೊತೆ ಪರೀಕ್ಷೆ ಶುಲ್ಕವೂ ಸಂಯೋಜನೆ ಶುಲ್ಕವೂ ಹೋದವು. ಪಿಂಚಣಿದಾರರು ಮಾತ್ರ ಮೈಸೂರಿನ ಲೆಕ್ಕದಲ್ಲೇ ಉಳಿದರು. ಆದಾಯ ಹಂಚುವಾಗ ಹೊಣೆಯನ್ನೂ ಹಂಚಬೇಕಿತ್ತು. ಇದರ ಮೇಲೆ, ಸಂಯೋಜನೆ ಶುಲ್ಕಕ್ಕೆ ಶೇ 18 ತೆರಿಗೆ ಅನ್ವಯ ಅಂತ 2024ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿತು.

ಮೂವತ್ತು ವರ್ಷ ಪಾಠ ಹೇಳಿದವರಿಗೆ ತಿಂಗಳ ಮೊದಲ ವಾರದಲ್ಲಿ ಪಿಂಚಣಿ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಕೂಲಿ ಮಾಡುವವರ ಮಗಳು ಕಟ್ಟಿದ ಬಿ.ಎ. ಪರೀಕ್ಷೆ ಶುಲ್ಕದಿಂದ ಕೊಡುವುದು ಸರಿಯಲ್ಲ. ರಾಜ್ಯ ಬಜೆಟ್‌ನಲ್ಲಿ ಇದಕ್ಕೆ ಪ್ರತ್ಯೇಕ ಲೆಕ್ಕಶೀರ್ಷಿಕೆ ಇಟ್ಟು ಪೂರ್ತಿ ಕೊಡಬೇಕು. ಶುಲ್ಕ ಏರಿಸುವ ಪ್ರಸ್ತಾವ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಮುಂದೆ ಬಂದಾಗ ಸದಸ್ಯರು ಒಂದು ಪಟ್ಟಿ ಕೇಳಲಿ: ಹೋದ ವರ್ಷ ಪರೀಕ್ಷೆಯಿಂದ ಬಂದದ್ದೆಷ್ಟು, ಅದರಲ್ಲಿ ಪರೀಕ್ಷೆಗೇ ಖರ್ಚಾದದ್ದೆಷ್ಟು? ಆ ಪಟ್ಟಿಯನ್ನು ವಿದ್ಯಾರ್ಥಿಗಳ ಕೈಗೂ ಕೊಡಲಿ.